ಶ್ರೀಪಾದ ಹತ್ತೋದಲ್ಲ ಸ್ವಾಮಿ, ಇಳಿಯೋದಿದ್ಯಲ್ಲ!

ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣೀಲಿ ಶ್ರೀಲಂಕಾ ಟ್ರಿಪ್ ಬಗ್ಗೆ ಬಂದ ಲೇಖನ ಓದ್ದೆ, ಚೆನ್ನಾಗೇ ಇತ್ತು, ಆದ್ರೆ ಬುದ್ಧನ ಪಾದದ ಗುರುತಿದೆ ಅಂತ ಜನ ಯಾತ್ರೆ ಹೋಗೋ ಶ್ರೀಪಾದ ಬೆಟ್ಟದ ಬಗ್ಗೆ ಬರೆದಿರೋ ನಾಲ್ಕು ಸಾಲು ನೋಡಿ ನನ್ನ ಮಂಡಿ ಮತ್ತೆ ನೋಯೋಕೆ ಶುರುವಾಯ್ತು. ರಾತ್ರಿ 2ಕ್ಕೆ ಹೊರಟು ಸೂರ್ಯೋದಯ ನೋಡ್ಕೊಂಡು ತಿಂಡಿ ಹೊತ್ತಿಗೆ ವಾಪಸ್ ಅಂತೆ. ನಾನೂ ಇದೇ ಲೆಕ್ಕ ಹಾಕ್ಕೊಂಡು ಹೋದೋನು, ಮಧ್ಯಾಹ್ನಕ್ಕೇ ಹತ್ತಿರದ ರೈಲ್ವೆ ಸ್ಟೇಷನ್ ಇರೋ ಹ್ಯಾಟನ್‌ನಿಂದ ಟ್ರೈನ್ ಟಿಕೆಟ್ ಬೇರೆ ಮಾಡಿಸಿಟ್ಟಿದ್ದೆ.

ಬೆಟ್ಟದ ಬುಡದಲ್ಲಿರೋ ನಲ್ಲತಣ್ಣಿ ಊರ ಕಡೆಯಿಂದ ಸುಮಾರು 5,500 ಮೆಟ್ಟಿಲು ಅಂತಾರೆ, ತುದಿ 2,243 ಮೀಟರ್. ಮೊದಲು ಏನೂ ಅನ್ಸಲ್ಲ, ಟೀ ಅಂಗಡಿ, ಸಾಲಾಗಿ ಲೈಟು, ಜಪಾನಿ ಬೌದ್ಧರು ಕಟ್ಟಿಸಿರೋ ಬಿಳಿ ಸ್ತೂಪ, ಇಷ್ಟೇನಾ ಅಂದ್ಕೊಂಡು ಹರಟೆ ಹೊಡೀತಾ ಹೋಗ್ತೀರಿ. ಆಮೇಲೆ ಬೆಟ್ಟ ನೆಟ್ಟಗೆ ನಿಲ್ಲುತ್ತೆ ನೋಡಿ. ಒಂದೊಂದು ಮೆಟ್ಟಿಲೂ ಒಂದೊಂದು ಎತ್ತರ, ಕೊನೇಲಿ ಕಂಬಿ ಹಿಡ್ಕೊಂಡು ಮೈ ಎಳ್ಕೊಳ್ಳೋದೇ. ನಾವು ಹೋಗಿದ್ದು ಪೋಯ ದಿನ, ಅಂದ್ರೆ ಹುಣ್ಣಿಮೆ, ಅದೊಂದು ದೊಡ್ಡ ತಪ್ಪು, ಇಡೀ ದೇಶಾನೇ ಅವತ್ತು ಮೆಟ್ಟಿಲ ಮೇಲಿತ್ತು, ಎರಡು ಹೆಜ್ಜೆ ಇಡೋದು ಹತ್ತು ನಿಮಿಷ ನಿಲ್ಲೋದು. ನನ್ನ ಮುಂದೆ ಬಿಳಿ ಸೀರೆ ಉಟ್ಟ ಒಬ್ಬ ಅಜ್ಜಿ, ಬರಿಗಾಲು, ಏದುಸಿರೂ ಇಲ್ಲ. ನಂದು ಹೊಸಾ ಟ್ರೆಕಿಂಗ್ ಶೂ, ಅದನ್ನ ಬಿಡಿ.

ಮೇಲೆ ಹೋದ್ಮೇಲೆ ಚಪ್ಪಲಿ ಶೂ ಎಲ್ಲ ಬಿಚ್ಚಬೇಕು. ಬೆವರಲ್ಲಿ ನೆಂದ ಟೀಶರ್ಟು, ತಣ್ಣನೆ ಗಾಳಿ, ಕಾಲ ಕೆಳಗೆ ಐಸ್ ಥರ ಸಿಮೆಂಟು. ಒಂದು ಒಣ ಅಂಗಿ, ಇನ್ನೊಂದು ಜೊತೆ ಸಾಕ್ಸ್ ಬ್ಯಾಗಲ್ಲಿ ಇಟ್ಕೊಳ್ಳಿ ಅಂತ ನಿಮ್ಮ ಲೇಖಕರು ಒಂದು ಮಾತು ಬರೀಬಹುದಿತ್ತು. ಇನ್ನೊಂದು, ಸೂರ್ಯ ಹುಟ್ಟಿದ ತಕ್ಷಣ ಎಲ್ರೂ ಫೋಟೋ ಹೊಡ್ಕೊಂಡು ಇಳಿಯೋಕೆ ಓಡ್ತಾರೆ, ಆಗ ಪಶ್ಚಿಮಕ್ಕೆ ತಿರುಗಿ ನೋಡ್ಬೇಕು, ಬೆಟ್ಟದ ನೆರಳು ಗೆರೆ ಎಳೆದ ಹಾಗೆ ತ್ರಿಕೋನವಾಗಿ ಮಂಜಿನ ಮೇಲೆ ಬಿದ್ದಿರುತ್ತೆ, ಸೂರ್ಯ ಏರಿದ ಹಾಗೆ ಬುಡದ ಕಡೆ ಕುಗ್ತಾ ಬರುತ್ತೆ. ನನಗಂತೂ ಸೂರ್ಯೋದಯಕ್ಕಿಂತ ಅದೇ ಇಷ್ಟವಾಯ್ತು.

ಈಗ ಇಳಿಯೋ ವಿಷ್ಯ. ಹತ್ತುವಾಗ ಉಸಿರು ಹೋಗುತ್ತೆ, ಐದು ನಿಮಿಷ ಕೂತ್ರೆ ವಾಪಸ್ ಬರುತ್ತೆ. ಇಳಿಯುವಾಗ ಮೈಭಾರ ಪೂರ್ತಿ ತೊಡೆ ಹಿಡ್ಕೋಬೇಕು, ಬ್ರೇಕ್ ಒತ್ಕೊಂಡೇ ಘಾಟಿ ಇಳಿದ ಹಾಗೆ, ಆ ನೋವು ಕೂತ್ರೆ ಹೋಗಲ್ಲ, ಎದ್ದು ನಿಂತ್ರೆ ಇನ್ನೂ ಜಾಸ್ತಿ. ಅರ್ಧ ದಾರೀಲಿ ನನ್ನ ಕಾಲು ನನ್ನ ಮಾತು ಕೇಳೋದು ಬಿಟ್ಟು ಗಡಗಡ ನಡುಗ್ತಿತ್ತು, ಕೊನೆಗೆ ಏಡಿ ಥರ ಅಡ್ಡಡ್ಡ ಇಳಿದೆ. ಟ್ರೈನು ಹೋಯ್ತು. ಎರಡು ದಿನ ಲಾಡ್ಜಿನ ಮೆಟ್ಟಿಲು ನೋಡಿದ್ರೂ ಭಯ.

ಸೀಸನ್ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್, ಅಂದ್ರೆ ಬುದ್ಧ ಪೂರ್ಣಿಮೆ ತನಕ ಅನ್ನೋದನ್ನೂ ಲೇಖನದಲ್ಲಿ ಬರೆದಿಲ್ಲ, ಆಮೇಲೆ ಹೋದ್ರೆ ಮಳೆ, ಜಿಗಣೆ, ದಾರೀಲಿ ಲೈಟೂ ಇರಲ್ಲ. ಯಾರಾದ್ರೂ ಜುಲೈನಲ್ಲಿ ಪೇಪರ್ ಕಟಿಂಗ್ ಹಿಡ್ಕೊಂಡು ಹೋದ್ರೆ ಏನ್ಮಾಡ್ತೀರಿ?

ಮೇಲೊಂದು ಗಂಟೆ ಇದೆ, ಎಷ್ಟು ಸಲ ಹತ್ತಿದೀರೋ ಅಷ್ಟು ಸಲ ಬಾರಿಸ್ಬೇಕು. ಆ ಅಜ್ಜಿ ಬಾರಿಸ್ತಾನೇ ಇದ್ರು, ನಾನು ಎಣಿಸೋದು ಬಿಟ್ಟೆ. ನಂದು ಒಂದೇ. ಎರಡನೇದಕ್ಕೆ ಬರೋ ಜನವರೀಲಿ ಹೋಗ್ತಿದೀನಿ, ಈ ಸಲ ಇಳಿಯೋ ದಿನಕ್ಕೆ ಟ್ರೈನ್ ಟಿಕೆಟ್ ಮಾಡಿಸಿಲ್ಲ.

— ನಿಮ್ಮ ಒಬ್ಬ ಓದುಗ