ಡಬ್ಬಿಯ ತಳದ 5 ನಂಬರ್ ನೋಡಿ ಸಮಾಧಾನ ಪಡಬೇಡಿ

ಸಂಪಾದಕರೇ, ನಮಸ್ಕಾರ.

ಹೋಟೆಲ್ ಪಾರ್ಸೆಲ್ ಡಬ್ಬಿಗಳ ಬಗ್ಗೆ ಕಳೆದ ವಾರ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಮೊದಲರ್ಧದಲ್ಲಿ ಪ್ಲಾಸ್ಟಿಕ್ ಡಬ್ಬಿ ಅಂದರೆ ವಿಷ, ಮನೆಯಲ್ಲಿರುವುದನ್ನೆಲ್ಲ ಎಸೆಯಿರಿ ಅಂತ ಇತ್ತು. ಕೊನೆಯಲ್ಲಿ ನೋಡಿದರೆ, ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ದರೆ ಚಿಂತೆ ಇಲ್ಲ, ಬಳಸಿ ಅಂತ ಸಲಹೆ! ನನಗೆ ಎರಡೂ ಸರಿ ಅನ್ನಿಸಲಿಲ್ಲ. ನಾನು ಪೀಣ್ಯದ ಒಂದು ಇಂಜೆಕ್ಷನ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಊಟದ ಡಬ್ಬಿ, ಐಸ್‌ಕ್ರೀಂ ಕಪ್, ಸ್ವೀಟ್ ಅಂಗಡಿಯವರ ಡಬ್ಬ, ಇವೇ ನಮ್ಮ ಮಾಲು. ನನ್ನ ಹೊಟ್ಟೆಪಾಡು ಇದರಿಂದಲೇ ನಡೆಯುತ್ತದೆ, ಅದನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ಓದಿ.

ಮೊದಲು ಆ 5ರ ವಿಷಯ ಮುಗಿಸುತ್ತೇನೆ. ಈ ನಂಬರ್‌ಗಳನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದರು. ಕಸ ಬೇರ್ಪಡಿಸುವವರಿಗೆ ಯಾವ ಪ್ಲಾಸ್ಟಿಕ್ ಯಾವುದು ಅಂತ ಗೊತ್ತಾಗಲಿ ಅಂತ ಮಾಡಿದ್ದು, ಅಷ್ಟೇ. 1 ಅಂದರೆ ನೀರಿನ ಬಾಟಲಿಯ ಪೆಟ್, 2 ಎಚ್‌ಡಿಪಿಇ, 3 ಪಿವಿಸಿ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್. ಬಚ್ಚಲುಮನೆಯ ಬಕೆಟ್ ಪಾಲಿಪ್ರೊಪಿಲೀನ್ ಆಗಿದ್ದರೆ ಅದಕ್ಕೂ 5 ನಂಬರೇ. ಅದರಲ್ಲಿ ಸಾರು ಬಡಿಸುತ್ತೀರಾ?

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆ ಗುರುತನ್ನು ಡಬ್ಬಿ ಆದಮೇಲೆ ಪರೀಕ್ಷೆ ಮಾಡಿ ಯಾರೂ ಒತ್ತುವುದಿಲ್ಲ. ಅದು ಮೋಲ್ಡಿನ, ಅಂದರೆ ಅಚ್ಚಿನ, ಉಕ್ಕಿನಲ್ಲೇ ಕೊರೆದಿರುತ್ತದೆ. ಲೋಟ ಮತ್ತು ಫೋರ್ಕಿನ ಚಿತ್ರ ಇರುತ್ತದಲ್ಲ, 'ಫುಡ್ ಗ್ರೇಡ್' ಅನ್ನುವ ಅಕ್ಷರ ಇರುತ್ತದಲ್ಲ, ಅವೂ ಹಾಗೇ. ಮೋಲ್ಡ್ ಮಾಡಿಸುವ ದಿನ ಒಮ್ಮೆ ಕೊರೆಸಿದರೆ ಮುಗಿಯಿತು, ಆಮೇಲೆ ಲಕ್ಷಗಟ್ಟಲೆ ಡಬ್ಬಿಗಳ ಮೇಲೆ ತಾನಾಗಿಯೇ ಬೀಳುತ್ತಾ ಹೋಗುತ್ತದೆ. ಒಳಗೆ ಹೊಸ ಮಾಲು ಹಾಕಿದರೂ ಬೀಳುತ್ತದೆ, ಗುಜರಿಯಿಂದ ತಂದ ಪುಡಿ ಹಾಕಿದರೂ ಬೀಳುತ್ತದೆ. ಉಕ್ಕಿಗೆ ಏನು ಗೊತ್ತು?

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಚಕ್ಕುಲಿ ಒರಳು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ತತ್ವ, ಬಿಸಿ ಮತ್ತು ಒತ್ತಡ ಮಾತ್ರ ಭಯಂಕರ. ಮಷಿನ್ನಿನ ಮೇಲೆ ಆಲಿಕೆಯಂತಿರುವ ಹಾಪರ್‌ಗೆ ಪ್ಲಾಸ್ಟಿಕ್ ಕಾಳು ಸುರಿಯುತ್ತೇವೆ, ನಮ್ಮಲ್ಲಿ ಎಲ್ಲರೂ ಅದನ್ನು ದಾನಾ ಅನ್ನುತ್ತಾರೆ. ಅದು ಬ್ಯಾರೆಲ್ ಅನ್ನುವ ಬಿಸಿ ಕೊಳವೆಗೆ ಇಳಿಯುತ್ತದೆ, ಒಳಗೆ ಸ್ಕ್ರೂ ತಿರುಗುತ್ತಾ ಅದನ್ನು ಮುಂದೆ ತಳ್ಳುತ್ತದೆ, 200ರಿಂದ 250 ಡಿಗ್ರಿ ಬಿಸಿಯಲ್ಲಿ ಅದು ಕರಗಿ ಗಟ್ಟಿ ಪಾಕದಂತೆ ಆಗುತ್ತದೆ. ಆ ಪಾಕವನ್ನು ಒಂದೇ ಏಟಿಗೆ ಮುಚ್ಚಿದ ಮೋಲ್ಡಿನ ಸಂದಿಗೆ ನುಗ್ಗಿಸಬೇಕು. ಪಾರ್ಸೆಲ್ ಡಬ್ಬಿಯ ಗೋಡೆ ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತದೆ, ಸ್ವಲ್ಪ ತಡವಾದರೂ ಪಾಕ ಅರ್ಧ ದಾರಿಯಲ್ಲೇ ಗಟ್ಟಿಯಾಗಿ ಡಬ್ಬಿ ಮೊಂಡಾಗುತ್ತದೆ, ಅದನ್ನು ಶಾರ್ಟ್ ಅನ್ನುತ್ತೇವೆ. ಮೋಲ್ಡಿನೊಳಗೆ ತಣ್ಣೀರು ಓಡುತ್ತಿರುತ್ತದೆ. ಒಂದೆರಡು ಸೆಕೆಂಡಿನಲ್ಲಿ ಗಟ್ಟಿಯಾಯಿತು, ಮೋಲ್ಡ್ ತೆರೆಯಿತು, ಡಬ್ಬಿ ಹೊರಗೆ ಬಿತ್ತು. ಒಳ್ಳೆಯ ಮಷಿನ್ನಾದರೆ ಇಡೀ ಸುತ್ತು 5-6 ಸೆಕೆಂಡು. ಮನೆಯಲ್ಲಿ ಒಂದು ಡಬ್ಬಿ ಮಗುಚಿ ನೋಡಿ, ತಳದ ಮಧ್ಯದಲ್ಲಿ ಸಣ್ಣ ಚುಕ್ಕೆ ಕೈಗೆ ತಾಗುತ್ತದೆ. ಪಾಕ ಒಳಗೆ ಬಂದದ್ದು ಅಲ್ಲಿಂದಲೇ. ಚುಕ್ಕೆ ಇಲ್ಲದ ತೆಳು ಟ್ರೇಗಳು ಹಾಳೆಯನ್ನು ಬಿಸಿ ಮಾಡಿ ಎಳೆದು ಮಾಡಿದವು, ಅದು ಬೇರೆ ಕಸುಬು.

ಡಬ್ಬಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬಹುಮಟ್ಟಿಗೆ ಹಾಪರ್‌ನ ಬಾಯಲ್ಲೇ ತೀರ್ಮಾನವಾಗುತ್ತದೆ. ಹೊಸ ದಾನಾ 25 ಕೆ.ಜಿ. ಚೀಲದಲ್ಲಿ ಬರುತ್ತದೆ, ಮೇಲೆ ಗ್ರೇಡ್ ಹೆಸರು, ಲಾಟ್ ನಂಬರ್ ಇರುತ್ತದೆ. ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲೇ ವರ್ಷಕ್ಕೆ 4.4 ಲಕ್ಷ ಟನ್ ಪಾಲಿಪ್ರೊಪಿಲೀನ್ ತಯಾರಿಸುವ ಘಟಕ ಇದೆ. ಕೆಲವು ಕಾರ್ಖಾನೆಗಳಲ್ಲಿ ಹೊಸ ದಾನಾದ ಚೀಲದ ಪಕ್ಕದಲ್ಲಿ ಇನ್ನೊಂದು ಬಗೆಯ ಚೀಲ ಇರುತ್ತದೆ, ಹೆಸರಿಲ್ಲ, ಲಾಟ್ ಇಲ್ಲ. ಅದು ಗ್ರೈಂಡಿಂಗ್ ಮಾಲು. ಒಡೆದ ಕುರ್ಚಿ, ಬಣ್ಣದ ಡ್ರಮ್ಮು, ಬ್ಯಾಟರಿ ಡಬ್ಬ, ಹಳೇ ಕ್ರೇಟು, ಹಿಂದೆ ಅದರಲ್ಲಿ ಏನು ತುಂಬಿಟ್ಟಿದ್ದರೋ ದೇವರಿಗೇ ಗೊತ್ತು. ಅದನ್ನು ಕೊಳೆ ಮಾಲು ಅಂತ ನಾನು ಬೈಯುತ್ತಿಲ್ಲ. ಹೂಕುಂಡಕ್ಕೆ, ಕಸದ ಬುಟ್ಟಿಗೆ, ಬಟ್ಟೆ ಹ್ಯಾಂಗರಿಗೆ ಅದು ತುಂಬಾ ಒಳ್ಳೆಯದು, ಮರುಬಳಕೆ ಆಗಲೇಬೇಕು. ಊಟದ ಡಬ್ಬಿಗೆ ಮಾತ್ರ ಬೇಡ.

ಮತ್ತೆ ಊಟದ ಡಬ್ಬಿಗೆ ಅದನ್ನು ಯಾಕೆ ಬೆರೆಸುತ್ತಾರೆ? ದುಡ್ಡು, ಇನ್ನೇನು. ಅರ್ಧ ಲೀಟರ್ ಡಬ್ಬಿಗೆ ಸುಮಾರು 20 ಗ್ರಾಂ ಮಾಲು ಬೇಕು, ಒಂದು ಕಿಲೋಗೆ 50 ಡಬ್ಬಿ ಅಂದುಕೊಳ್ಳಿ. ಡಬ್ಬಿಯ ರೇಟಿನಲ್ಲಿ ದೊಡ್ಡ ಪಾಲು ದಾನಾದ್ದೇ. ಹೋಟೆಲಿನವರು ಸಾವಿರದ ಲೆಕ್ಕದಲ್ಲಿ ಕೊಳ್ಳುತ್ತಾರೆ, ಚೌಕಾಸಿ ನಡೆಯುವುದು ಪೈಸೆಗಳಲ್ಲಿ. ನಮ್ಮ ಹತ್ತಿರ ಬಂದ ಒಬ್ಬ ಸಗಟು ವ್ಯಾಪಾರಿ ಬೇರೆ ಕಡೆಯ ಡಬ್ಬಿ ತಂದು ಮೇಜಿನ ಮೇಲಿಟ್ಟು, 'ಇದೇ ತೂಕ, ಇದೇ ಸೈಜು, ಇವರಿಗೆ ಆಗುವ ರೇಟು ನಿಮಗೆ ಯಾಕೆ ಆಗಲ್ಲ' ಅಂತ ಕೇಳಿದರು. ನಮ್ಮ ಓನರ್ ಆ ಡಬ್ಬಿಯನ್ನು ಮೂಗಿಗೆ ಹಿಡಿದು ವಾಪಸ್ ಕೊಟ್ಟರು. ಸುಟ್ಟ ವಾಸನೆ. ಆರ್ಡರ್ ಹೋಯಿತು, ಅದು ಬೇರೆ ಮಾತು. ಆ ರೇಟಿಗೆ ಹೊಸ ದಾನಾವೇ ಬರುವುದಿಲ್ಲ, ಇನ್ನು ಕರೆಂಟು, ಕೂಲಿ, ಬಾಡಿಗೆ ಎಲ್ಲಿಂದ ಬರಬೇಕು?

ಕಪ್ಪು ಬಣ್ಣ ಇಲ್ಲಿ ಬೇಕಾದವರಿಗೆ ಅನುಕೂಲ ಮಾಡಿಕೊಡುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ಹಳೇ ಮಾಲು ಬೆರೆಸಿದರೆ ಹಳದಿಯೋ ಬೂದಿಯೋ ಆಗಿ ಎದ್ದು ಕಾಣುತ್ತದೆ, ಕಪ್ಪಿನಲ್ಲಿ ಎಲ್ಲಾ ಮುಚ್ಚಿಹೋಗುತ್ತದೆ. ಹಾಗಂತ ಕಪ್ಪು ಡಬ್ಬಿಯೆಲ್ಲ ಕೆಟ್ಟದ್ದು ಅಂತಲ್ಲ, ನಾವೂ ಕಪ್ಪು ಡಬ್ಬಿ ಮಾಡುತ್ತೇವೆ, ಹೊಸ ದಾನಾಕ್ಕೆ ಆಹಾರಕ್ಕೆ ಒಪ್ಪಿತವಾದ ಮಾಸ್ಟರ್‌ಬ್ಯಾಚ್, ಅಂದರೆ ಬಣ್ಣದ ಕಾಳು, ಹಾಕಿ. 2024ರಲ್ಲಿ ಅಮೆರಿಕದ ಒಂದು ಅಧ್ಯಯನ ಕಪ್ಪು ಪ್ಲಾಸ್ಟಿಕ್ ಸಾಮಾನುಗಳಲ್ಲಿ, ಅಡುಗೆಯ ಸೌಟುಗಳಲ್ಲೂ, ಹಳೇ ಎಲೆಕ್ಟ್ರಾನಿಕ್ ಗುಜರಿಯಿಂದ ಬಂದಿರಬಹುದಾದ ಬೆಂಕಿನಿರೋಧಕ ರಾಸಾಯನಿಕಗಳಿವೆ ಅಂತ ಹೇಳಿ ದೊಡ್ಡ ಸುದ್ದಿಯಾಯಿತು. ಆಮೇಲೆ ನೋಡಿದರೆ ಸುರಕ್ಷಿತ ಮಿತಿಯನ್ನು ಲೆಕ್ಕ ಹಾಕುವಾಗ ಒಂದು ಸೊನ್ನೆ ಬಿಟ್ಟಿದ್ದರು! 4,20,000 ನ್ಯಾನೋಗ್ರಾಂ ಆಗಬೇಕಾದದ್ದು 42,000 ಆಗಿತ್ತು. ದೇಹಕ್ಕೆ ಸೇರುವ ಪ್ರಮಾಣ ಮಿತಿಯ ಹತ್ತಿರ ಬಂದಿದೆ ಅಂದದ್ದು ನಿಜವಾಗಿ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸೊನ್ನೆ ಸರಿಪಡಿಸಿದರು, ಸರಿ. ಆದರೆ ಗುಜರಿ ಮಾಲು ಅಡುಗೆಮನೆ ಸಾಮಾನಿಗೆ ಸೇರಿಕೊಂಡಿದೆ ಅನ್ನುವ ಮಾತು ಹಾಗೇ ನಿಂತಿದೆ. ನಿಮ್ಮ ಬರಹದಲ್ಲಿ ಗಾಬರಿ ಹುಟ್ಟಿಸುವ ಭಾಗ ಮಾತ್ರ ಬಂದಿತ್ತು, ಸೊನ್ನೆಯ ಸುದ್ದಿ ಇರಲಿಲ್ಲ.

ಹೊಸ ದಾನಾ ಹಾಕಿದರೆ ಸಾಕಾ ಅಂದರೆ, ಸಾಲದು. ರಾತ್ರಿ ಶಿಫ್ಟಿನಲ್ಲಿ ಅದೇ ಮಷಿನ್‌ನಲ್ಲಿ ಬೇರೆ ಮಾಲಿನ ಬಕೆಟ್ ಓಡಿಸಿದ್ದರೆ ಬ್ಯಾರೆಲ್‌ನೊಳಗೆ ಅದು ಅಂಟಿಕೊಂಡಿರುತ್ತದೆ. ಶುದ್ಧ ದಾನಾ ಹಾಕಿ ಪರ್ಜ್ ಮಾಡಿ ಪೂರ್ತಿ ಹೊರಗೆ ಹಾಕಬೇಕು, ಅದು ವೇಸ್ಟ್ ಅಂತ ಕೆಲವರಿಗೆ ಹೊಟ್ಟೆಯುರಿ. ಡಬ್ಬಿ ಮೋಲ್ಡಿಗೆ ಅಂಟಿಕೊಂಡರೆ ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸ ಇದೆ, ಊಟದ ಡಬ್ಬಿಯಲ್ಲಿ ಅದಕ್ಕೂ ಆಹಾರಕ್ಕೆ ಒಪ್ಪಿತವಾದದ್ದೇ ಬೇಕು. ಡಬ್ಬಿಯನ್ನು ಮೋಲ್ಡಿನಿಂದ ಹೊರಗೆ ತಳ್ಳುವ ಎಜೆಕ್ಟರ್ ಪಿನ್ನಿನ ಗ್ರೀಸ್ ಕೂಡ ಅಷ್ಟೇ. ಹೈಡ್ರಾಲಿಕ್ ಆಯಿಲ್ ಜಿನುಗುವ ಹಳೇ ಮಷಿನ್ ಇದ್ದರೆ ಅದರ ಮೇಲೆ ಹ್ಯಾಂಗರ್ ಓಡಿಸಿ, ಡಬ್ಬಿ ಓಡಿಸಬೇಡಿ. ಇವೆಲ್ಲ ಹೊರಗಿನವರ ಕಣ್ಣಿಗೆ ಬೀಳುವ ವಿಷಯಗಳಲ್ಲ. ತಲೆಗೆ ಟೋಪಿ, ಕೈಗೆ ಗ್ಲೌಸ್ ಹಾಕಿಸಿ ಫೋಟೊ ತೆಗೆಸಿಕೊಳ್ಳುವುದು ಸುಲಭ.

ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ, ಚೆನ್ನಾಗಿಯೇ ಇದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಗಳು 2019ರ ಜುಲೈ 1ರಿಂದ ಜಾರಿಯಲ್ಲಿವೆ. ಆಹಾರಕ್ಕೆ ತಾಗುವ ಪಾಲಿಪ್ರೊಪಿಲೀನ್‌ಗೆ ಐಎಸ್ 10910 ಅನ್ನುವ ಮಾನಕ ಇದೆ. ಬಣ್ಣಕ್ಕೆ ಐಎಸ್ 9833. ಡಬ್ಬಿಯಿಂದ ಆಹಾರಕ್ಕೆ ಎಷ್ಟು ಇಳಿಯುತ್ತದೆ ಅಂತ ಅಳೆಯಲು ಐಎಸ್ 9845. ನಿಜವಾದ ಸಾಂಬಾರು ಹಾಕಿ ಪರೀಕ್ಷೆ ಮಾಡಲು ಆಗುವುದಿಲ್ಲವಲ್ಲ, ಅದಕ್ಕೆ ಬದಲಿ ದ್ರವಗಳಿವೆ. ಹುಳಿ ಪದಾರ್ಥಕ್ಕೆ ಶೇ 3ರ ಅಸಿಟಿಕ್ ಆಮ್ಲ, ಎಣ್ಣೆ ಜಿಡ್ಡಿಗೆ ಹೆಪ್ಟೇನ್, ಹೀಗೆ. ಡಬ್ಬಿಯ ಬಳಕೆಗೆ ತಕ್ಕ ಬಿಸಿಯಲ್ಲಿ, ತಕ್ಕ ಹೊತ್ತು ಇಟ್ಟು, ಆಮೇಲೆ ದ್ರವವನ್ನು ಆವಿ ಮಾಡಿ, ಉಳಿದದ್ದನ್ನು ತೂಗುತ್ತಾರೆ. ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ದಾಟಬಾರದು, ಬಣ್ಣ ಕಣ್ಣಿಗೆ ಕಾಣುವಷ್ಟು ಬಿಡಲೇಬಾರದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕೇಜಿಂಗ್‌ಗೆಂದೇ ಒಂದು ವಿಭಾಗ ಇದೆ, ಪ್ಲಾಸ್ಟಿಕ್ ತಂತ್ರಜ್ಞಾನದ ಕೇಂದ್ರ ಸಂಸ್ಥೆ ಸಿಪೆಟ್ ಕೂಡ ಅದೇ ಊರಿನಲ್ಲಿದೆ. ಪರೀಕ್ಷೆ ಮಾಡುವವರಿಗೆ ನಮ್ಮ ರಾಜ್ಯದಲ್ಲಿ ಬರ ಇಲ್ಲ.

ಆದರೆ ಪರೀಕ್ಷೆಗೆ ಹೋಗುವ ಡಬ್ಬಿಯನ್ನು ಆರಿಸಿ ಕಳಿಸುವವರು ಯಾರು? ತಯಾರಿಸಿದವರೇ. ಒಳ್ಳೆಯ ದಾನಾ ಹಾಕಿ ಒಂದಷ್ಟು ಡಬ್ಬಿ ಹೊಡೆದು ಲ್ಯಾಬಿಗೆ ಕಳಿಸಿದರೆ ಪಾಸಾಗದೆ ಏನಾಗುತ್ತದೆ. ಆ ಸರ್ಟಿಫಿಕೇಟಿನ ಜೆರಾಕ್ಸ್ ಹಿಡಿದುಕೊಂಡು ವರ್ಷಗಟ್ಟಲೆ ವ್ಯಾಪಾರ ಮಾಡುತ್ತಾರೆ. ಇನ್ನೊಂದು ತಮಾಷೆ ಅಂದರೆ, ಲ್ಯಾಬುಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇರುವ ಲ್ಯಾಬಿನ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕಾದವರು ಆಹಾರ ವ್ಯಾಪಾರ ಮಾಡುವವರು, ಅಂದರೆ ಹೋಟೆಲಿನವರು, ಬೇಕರಿಯವರು. ನಿಯಮ ಹೇಳುವುದು ಅದನ್ನೇ. ನನ್ನ ಅನುಭವದಲ್ಲಿ ಅದನ್ನು ಕೇಳುವವರು ದೊಡ್ಡ ಕಂಪನಿಗಳು, ಐಸ್‌ಕ್ರೀಂನವರು, ಮೊಸರು ತುಂಬುವವರು ಮಾತ್ರ. ಗಲ್ಲಿ ಹೋಟೆಲಿನವರು ಕೇಳುವುದು, 'ಮುಚ್ಚಳ ಟೈಟಾಗಿ ಕೂರುತ್ತಾ, ಸಾಂಬಾರ್ ಲೀಕ್ ಆಗಲ್ಲ ಅಲ್ವಾ?' ಅವರನ್ನು ಬೈದು ಪ್ರಯೋಜನ ಇಲ್ಲ, ಇಂಥದ್ದೊಂದು ಕಾಗದ ಕೇಳಬೇಕು ಅಂತ ಅವರಿಗೆ ಯಾರು ಹೇಳಿದ್ದಾರೆ?

2025ರ ಫೆಬ್ರುವರಿಯಲ್ಲಿ ಇಡ್ಲಿ ಗಲಾಟೆ ನೆನಪಿದೆಯಲ್ಲ, ಬಟ್ಟೆ ಬದಲು ತಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದದ್ದು ಬೆಂಗಳೂರಿನ ಹೋಟೆಲುಗಳಲ್ಲಿ ಸಿಕ್ಕಿತು, ಆರೋಗ್ಯ ಸಚಿವರೇ ಕ್ರಮದ ಮಾತಾಡಿದರು. ಅದು ಒಳ್ಳೆಯದೇ ಆಯಿತು. ಹಬೆಗೆ ಅಲ್ಲದ ಹಾಳೆಯನ್ನು ಹಬೆಯಲ್ಲಿ ಇಡುವುದು ಶುದ್ಧ ಮೂರ್ಖತನ. ಆದರೆ ಅಲ್ಲಿ ತಪ್ಪು ಕಣ್ಣೆದುರಿಗೆ ಇತ್ತು, ಒಲೆಯ ಮೇಲೇ ಇತ್ತು. ಡಬ್ಬಿಯ ತಪ್ಪು ಹೋಟೆಲಿಗೆ ಬರುವ ಮೊದಲೇ ನಡೆದಿರುತ್ತದೆ. ಇನ್‌ಸ್ಪೆಕ್ಟರ್ ಹೋಟೆಲಿನ ಅಡುಗೆಮನೆಯಲ್ಲಿ ನಿಂತು ಡಬ್ಬಿ ತಿರುಗಿಸಿ ನೋಡಿದರೆ ಕಾಣುವುದು ಅದೇ 5.

ಇದರ ನಡುವೆ ಇನ್ನೊಂದು ಎಳೆದಾಟ ಇದೆ. ಪ್ಲಾಸ್ಟಿಕ್ ತ್ಯಾಜ್ಯದ ನಿಯಮಗಳ ಪ್ರಕಾರ 2025-26ರಿಂದ ಗಟ್ಟಿ ಪ್ಯಾಕಿಂಗ್‌ನಲ್ಲಿ ಶೇ 30ರಷ್ಟು ಮರುಬಳಕೆ ಪ್ಲಾಸ್ಟಿಕ್ ಸೇರಿಸಬೇಕು, 2028-29ಕ್ಕೆ ಶೇ 60. ಮರುಬಳಕೆ ಮಾಲು ಬೇಡ ಅಂತ ಬೇರೆ ಕಾನೂನು ಹೇಳುವ ಕಡೆ ವಿನಾಯಿತಿ ಕೇಳಬಹುದು. ಪೆಟ್ ಬಾಟಲಿಯನ್ನು ವಿಶೇಷವಾಗಿ ಶುದ್ಧ ಮಾಡಿ ಮತ್ತೆ ಆಹಾರಕ್ಕೆ ಬಳಸುವ ದಾರಿಯನ್ನು ಎಫ್‌ಎಸ್‌ಎಸ್‌ಎಐ ತೆರೆದಿದೆ. ಗಲ್ಲಿಯ ಗ್ರೈಂಡರಿನಲ್ಲಿ ಪುಡಿ ಮಾಡಿದ ಪಾಲಿಪ್ರೊಪಿಲೀನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ 'ಈಗ ರೀಸೈಕಲ್ ಮಾಲು ಹಾಕಬಹುದಂತೆ' ಅನ್ನುವ ಮಾತು ಟೀ ಅಂಗಡಿಯಲ್ಲಿ ಆಗಲೇ ಓಡಾಡುತ್ತಿದೆ, ಬೆರೆಸುವವರಿಗೆ ಇಷ್ಟು ಸಾಕು.

ಓದುಗರಿಗೆ ಹೇಳುವುದು ಜಾಸ್ತಿ ಏನಿಲ್ಲ. ಡಬ್ಬಿ ತೆರೆದಾಗ ಸೀಮೆಎಣ್ಣೆಯದ್ದೋ ಸುಟ್ಟದ್ದೋ ವಾಸನೆ ಬಂದರೆ ಊಟ ಬೇರೆ ಪಾತ್ರೆಗೆ ಹಾಕಿ, ಆ ಹೋಟೆಲಿಗೆ ಫೋನ್ ಮಾಡಿ ಹೇಳಿ. ಪಾರ್ಸೆಲ್ ಡಬ್ಬಿಯಲ್ಲಿ ಉಪ್ಪಿನಕಾಯಿ ತುಂಬಿ ವರ್ಷ ಇಡಬೇಡಿ, ಅದಕ್ಕೆ ಅಂತ ಮಾಡಿದ್ದಲ್ಲ. ಕುದಿಯುವ ಎಣ್ಣೆಯಿಂದ ತೆಗೆದ ಬೋಂಡಾವನ್ನು ನೇರವಾಗಿ ಅದರಲ್ಲಿ ಹಾಕಬೇಡಿ, ಎಣ್ಣೆಯ ಬಿಸಿ ಪಾಲಿಪ್ರೊಪಿಲೀನ್ ಕರಗುವ 160 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಹಾಗಂತ ಆ ಬೋಂಡಾವನ್ನು ಪೇಪರಿನಲ್ಲಿ ಸುತ್ತಿಕೊಳ್ಳಬೇಡಿ, ಆಹಾರ ಕಟ್ಟಲು ಸುದ್ದಿಪತ್ರಿಕೆ ಬಳಸಬಾರದು ಅಂತ ಅದೇ 2018ರ ನಿಯಮದಲ್ಲಿದೆ. ನಿಮ್ಮ ಬರಹದಲ್ಲಿ ಈ ಒಂದು ಸಾಲು ಯಾಕೋ ಬಿಟ್ಟುಹೋಗಿತ್ತು!

ಅಧಿಕಾರಿಗಳಿಗೆ ಒಂದು ಸುಲಭದ ದಾರಿ ಹೇಳುತ್ತೇನೆ. ಲ್ಯಾಬ್ ಆಮೇಲೆ ಇರಲಿ, ಮೊದಲು ತಕ್ಕಡಿ ಹಿಡಿಯಿರಿ. ಊಟದ ಡಬ್ಬಿ ಮಾಡುವ ಕಾರ್ಖಾನೆಗೆ ಹೋಗಿ ಮೂರು ತಿಂಗಳ ಜಿಎಸ್‌ಟಿ ಬಿಲ್ ಕೇಳಿ. ಎಷ್ಟು ಡಬ್ಬಿ ಮಾರಿದ್ದಾರೆ, ಒಂದರ ತೂಕ ಎಷ್ಟು, ಗುಣಿಸಿ. ಎಷ್ಟು ಟನ್ ಹೊಸ ದಾನಾ ಕೊಂಡಿದ್ದಾರೆ, ಮೊದಲಿನ ಸ್ಟಾಕ್ ಎಷ್ಟಿತ್ತು, ಅದನ್ನೂ ನೋಡಿ. ಹತ್ತು ಟನ್ ಡಬ್ಬಿ ಮಾರಿ ಆರು ಟನ್ ದಾನಾ ಕೊಂಡಿದ್ದರೆ ಉಳಿದ ನಾಲ್ಕು ಟನ್ ಎಲ್ಲಿಂದ ಬಂತು ಅಂತ ಅಲ್ಲೇ ಕೇಳಿ. ಬಿಲ್ ಇಲ್ಲದೆ ಮಾರುವವರೂ ಇದ್ದಾರೆ, ಗೊತ್ತು, ಅವರನ್ನು ಡಬ್ಬಿ ಕೊಂಡ ಹೋಟೆಲಿನ ಬಿಲ್ ಹಿಡಿದು ಹಿಂದಕ್ಕೆ ಹುಡುಕಬೇಕು. ನಮ್ಮ ಕಾರ್ಖಾನೆಯಿಂದಲೇ ಶುರು ಮಾಡಿದರೂ ಅಡ್ಡಿ ಇಲ್ಲ ಅಂತ ನಮ್ಮ ಓನರ್ ಹೇಳಿದ್ದಾರೆ, ನಿಮ್ಮ ವರದಿಗಾರರೂ ಜೊತೆಗೆ ಬರಲಿ.

ಇಂತಿ,
ಒಬ್ಬ ಮೋಲ್ಡಿಂಗ್ ಸೂಪರ್‌ವೈಸರ್,
ಪೀಣ್ಯ, ಬೆಂಗಳೂರು