ಚೌಕದ ಪಾಠ ತೋಟದಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ಶಾಲೆಯಲ್ಲಿ ಚೌಕದ ಪಾಠವು ಬಾಹುವಿನ ವರ್ಗವೇ ವಿಸ್ತೀರ್ಣ ಎಂಬ ಸೂತ್ರದೊಂದಿಗೆ ಮುಗಿದುಹೋಗುತ್ತಿರುವುದು ನನಗೆ ಬಹಳ ಬೇಸರ ತಂದಿದೆ.

ಅಡಿಕೆ ಸಸಿಗಳನ್ನು ಸಾಮಾನ್ಯವಾಗಿ 9 ಅಡಿಗೆ 9 ಅಡಿಯಂತೆ ಚೌಕ ಪದ್ಧತಿಯಲ್ಲಿ ನೆಡುತ್ತಾರೆ. ಒಂದು ಸಸಿಗೆ 81 ಚದರ ಅಡಿಯಾದರೆ, 43,560 ಚದರ ಅಡಿಯ ಎಕರೆಗೆ ಸುಮಾರು 537 ಸಸಿಗಳು ಹಿಡಿಯುತ್ತವೆ. ಆದರೆ ಮೊದಲ ಮೂಲೆಯೇ ಸೊಟ್ಟಗಾದರೆ ಸಾಲುಗಳೆಲ್ಲ ಓರೆಯಾಗುತ್ತವೆ. ನಮ್ಮ ತೋಟದಲ್ಲಿ ಹಾಗಾಗಿ, ತೋಡಿದ ಗುಂಡಿಗಳನ್ನೇ ಮುಚ್ಚಬೇಕಾಯಿತು. ಎರಡನೆಯ ಸಲ ಮೂಲೆಯ ಗೂಟದಿಂದ ಒಂದು ಕಡೆ 9 ಅಡಿ, ಇನ್ನೊಂದು ಕಡೆ 12 ಅಡಿ ಅಳೆದು, ಆ ಎರಡು ತುದಿಗಳ ನಡುವೆ ಹಗ್ಗವು ಸರಿಯಾಗಿ 15 ಅಡಿ ಬರುವಂತೆ ಗೂಟಗಳನ್ನು ಸರಿಸಿದೆವು. 9ರ ವರ್ಗ 81ಕ್ಕೆ 12ರ ವರ್ಗ 144 ಕೂಡಿದರೆ 225, ಅಂದರೆ 15ರ ವರ್ಗ; ಹೀಗೆ ಲೆಕ್ಕ ಹೊಂದಿದರೆ ಮೂಲೆ ಸರಿಯಾದ ಲಂಬಕೋನವಾಗಿದೆ ಎಂದರ್ಥ. ಯಜ್ಞವೇದಿ ರಚಿಸುವವರಿಗಾಗಿ ಬೌಧಾಯನ ಶುಲ್ಬಸೂತ್ರವೆಂಬ ಪ್ರಾಚೀನ ಗ್ರಂಥವು ಹೇಳುವುದೂ ಇದೇ ಲೆಕ್ಕವನ್ನು. ಶುಲ್ಬ ಎಂದರೆ ಹಗ್ಗವೇ.

ಕೌದಿ ಹೊಲಿಯುತ್ತಿದ್ದ ನನ್ನ ಅಜ್ಜಿ, ಹಳೆಯ ಸೀರೆಯ ತುಂಡಿನ ಮೂಲೆಯನ್ನು ಎದುರಿನ ಅಂಚಿಗೆ ಮಡಚಿ, ಮಿಕ್ಕ ಪಟ್ಟಿಯನ್ನು ಕತ್ತರಿಸಿ, ಅಳತೆಪಟ್ಟಿಯಿಲ್ಲದೆ ಚೌಕ ಮಾಡುತ್ತಿದ್ದರು. ಕಸೂತಿಯಲ್ಲಂತೂ ಬಟ್ಟೆಯ ಮೇಲೆ ಗೆರೆ ಎಳೆಯುವುದೇ ಇಲ್ಲ; ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಗೋಪುರವನ್ನೂ ತೇರನ್ನೂ ಮೂಡಿಸುತ್ತಾರೆ.

ಪ್ರೌಢಶಾಲೆಯ ಶಿಕ್ಷಕರು ಪೈಥಾಗೊರಸ್ ಪ್ರಮೇಯವನ್ನು ಕಲಿಸುವ ವಾರದಲ್ಲಿ ಮಕ್ಕಳ ಕೈಗೆ ಹಗ್ಗ ಮತ್ತು ನಾಲ್ಕು ಗೂಟಗಳನ್ನು ಕೊಟ್ಟು, ಶಾಲೆಯ ಅಂಗಳದಲ್ಲೇ ಒಂದು ಸೊಪ್ಪಿನ ಮಡಿಯನ್ನು ಹಾಕಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ