ಹಳೇ ಸುಟ್ಟ ಕಲೆ ಮತ್ತೆ ಬಾಯಿಬಿಟ್ಟರೆ ಬಯಾಪ್ಸಿ ಮಾಡಿಸಿ

ಮಾನ್ಯ ಸಂಪಾದಕರೇ,

ಚರ್ಮದ ಕ್ಯಾನ್ಸರ್ ಅಂದರೆ ಎಲ್ಲರೂ ಬಿಸಿಲು, ಮಚ್ಚೆ ಅಂತಲೇ ಬರೆಯುತ್ತಾರೆ. ಮಾಯದ ಗಾಯದಲ್ಲಿ, ಸುಟ್ಟ ಕಲೆಯಲ್ಲೂ ಅದು ಹುಟ್ಟುತ್ತದೆ ಅನ್ನೋದು ನಮ್ಮ ಮನೆಗೇ ಬರುವವರೆಗೆ ನನಗೂ ಗೊತ್ತಿರಲಿಲ್ಲ.

ನಮ್ಮ ಚಿಕ್ಕಮ್ಮನಿಗೆ ಎಳವೆಯಲ್ಲಿ ಕುದಿಯುವ ನೀರು ಬಿದ್ದು ಮಂಡಿಯ ಹಿಂಭಾಗ ಸುಟ್ಟಿತ್ತು. ಅಲ್ಲಿ ಚರ್ಮ ಬಿಗಿದುಕೊಂಡು ಕಾಲು ಪೂರ್ತಿ ಚಾಚಲು ಆಗುತ್ತಿರಲಿಲ್ಲ. ಕೂತು ಎದ್ದರೆ ಬಿರುಕು ಬಿಡುವುದು, ಮಾಯುವುದು, ಮತ್ತೆ ಬಿರುಕು ಬಿಡುವುದು, ಹೀಗೇ 40 ವರ್ಷ ಕಳೆದವು. ಆಮೇಲೊಂದು ಸಲ ಮಾಯಲೇ ಇಲ್ಲ. ಏಳು ತಿಂಗಳು ಮುಲಾಮು, ಮಾತ್ರೆ, ಡ್ರೆಸ್ಸಿಂಗ್. "ಹಳೇ ಗಾಯ ಅಲ್ವಾ ಅಮ್ಮ, ಸುಮ್ನೆ ಕೆರೆದುಕೊಂಡಿರ್ತೀರಿ" ಅಂತ ಹೇಳಿ ಕಳಿಸುತ್ತಿದ್ದರು. ಗಾಯ ದೊಡ್ಡದಾಗಿ, ಅಂಚು ದಪ್ಪಗೆ ಹೊರಕ್ಕೆ ಮಡಚಿಕೊಂಡು, ಕೆಟ್ಟ ವಾಸನೆ ಬಂದು, ಮುಟ್ಟಿದರೆ ರಕ್ತ ಒಸರುವಷ್ಟಾದ ಮೇಲೆ ಬೇರೊಬ್ಬ ಡಾಕ್ಟರು ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕ್ಯಾನ್ಸರ್ ಅಂತ ಬಂತು.

ಇದಕ್ಕೆ ಮಾರ್ಜೊಲಿನ್ ಹುಣ್ಣು ಅಂತಾರೆ. ಕಲೆಗಳ ಮೇಲೆ ಏಳುವ ಇಂಥ ಹುಣ್ಣುಗಳ ಬಗ್ಗೆ ಫ್ರಾನ್ಸಿನ ಸರ್ಜನ್ ಮಾರ್ಜೊಲಿನ್ 1828ರಲ್ಲೇ ಬರೆದಿದ್ದರು. ಸುಟ್ಟ ಕಲೆ ಇರುವವರೆಲ್ಲ ಹೆದರಬೇಕಿಲ್ಲ, ನೂರರಲ್ಲಿ ಒಬ್ಬಿಬ್ಬರಿಗೆ ಆಗಬಹುದು ಅಷ್ಟೇ. ಆದರೆ ಸಾಮಾನ್ಯವಾಗಿ ಸುಟ್ಟು ಸುಮಾರು 30 ವರ್ಷ ಆದಮೇಲೆ ಬರುತ್ತದೆ, ಅಷ್ಟರಲ್ಲಿ ಸುಟ್ಟಿದ್ದನ್ನೇ ಜನ ಮರೆತಿರುತ್ತಾರೆ. ಮೂಳೆ ಸೋಂಕಿನಿಂದ ವರ್ಷಗಟ್ಟಲೆ ಕೀವು ಸೋರುವ ಗಾಯ, ಕುಷ್ಠರೋಗದವರ ಪಾದದ ಹುಣ್ಣು, ಮಲಗಿದಲ್ಲೇ ಇರುವವರ ಬೆನ್ನಿನ ಹುಣ್ಣು, ಇವುಗಳಲ್ಲೂ ಆಗಬಹುದು. ಹರಿದು ಹರಿದು ಮಾಯುವ ಕಡೆ ಜೀವಕೋಶಗಳು ಬಿಡುವಿಲ್ಲದೆ ಹುಟ್ಟುತ್ತಲೇ ಇರುತ್ತವೆ, ಅದರಲ್ಲಿ ಯಾವುದೋ ಒಂದು ದಾರಿ ತಪ್ಪುತ್ತದೆ. ಕಲೆಗಟ್ಟಿದ ಚರ್ಮದಲ್ಲಿ ರಕ್ತದ ಓಡಾಟ ಕಡಿಮೆ, ಮೈಯ ಕಾವಲು ಪಡೆಯೂ ಸರಿಯಾಗಿ ತಲುಪುವುದಿಲ್ಲ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರಿಗಿಂತ ಇದು ಹರಡುವುದೂ ಜಾಸ್ತಿ.

ದಿನಾ ಡ್ರೆಸ್ಸಿಂಗ್ ಮಾಡುವ ನರ್ಸ್‌ಗಳೇ ಇದನ್ನು ಮೊದಲು ನೋಡುವವರು, ಅವರಿಗೆ ನನ್ನ ಕಳಕಳಿಯ ಮನವಿ. ಮೂರು ತಿಂಗಳಾದರೂ ಗಾಯ ಮಾಯದಿದ್ದರೆ ಇನ್ನೊಂದು ಮುಲಾಮು ಬೇಡ, ಬಯಾಪ್ಸಿಗೆ ಹೇಳಿ. ಒಂದೇ ಕಡೆ ಚೂರು ತೆಗೆದರೆ ತಪ್ಪಿಹೋಗಬಹುದು, ಅಂಚಿನ ಸುತ್ತ ನಾಲ್ಕೈದು ಕಡೆ ತೆಗೆಯಬೇಕು. ಆಳವಾಗಿ ಸುಟ್ಟ ಮಕ್ಕಳಿಗಂತೂ ಆಗಲೇ ಚರ್ಮ ಕಸಿ ಮಾಡಿಸಿಬಿಡಿ, ತಾನಾಗಿ ಮಾಯಲಿ ಅಂತ ಕಾಯಬೇಡಿ.

ಚಿಕ್ಕಮ್ಮನಿಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಅಗಲವಾಗಿ ಕತ್ತರಿಸಿ ತೆಗೆದು, ತೊಡೆಯ ಚರ್ಮ ಹಾಕಿದರು. ತೊಡೆಸಂದಿನ ಗಂಟುಗಳಿಗೆ ಆಗಲೇ ಹರಡಿತ್ತು, ಅವನ್ನೂ ತೆಗೆದರು. ಆ ಏಳು ತಿಂಗಳು ನಮ್ಮ ಕೈಯಲ್ಲಿದ್ದವು.

ಇತಿ,
ನಿಮ್ಮ ಓದುಗ